ಹಸಿರು ಬಾವುಟ ಹಿಡಿದ ಮಿಸ್ ಮೆಲ್ಗಾರ್ಡ್

ಮೊಂಟಾನಾದ ಈ ಹುಲ್ಲುಬಯಲಿನಲ್ಲಿ ಟಾರ್ವಿಕ್ ಎಂಬ ಊರನ್ನು ಕಟ್ಟಿದ್ದು ಕುರಿ, ಬೆಳೆಸಿದ್ದು ರೈಲು, ಇಲ್ಲಿಯವರೆಗೆ ಉಳಿಸಿಕೊಂಡು ಬಂದವರು ನಮ್ಮ ಸ್ಟೇಷನ್ ಮಾಸ್ತರರಾದ ಮಿಸ್ ಥೋರಾ ಮೆಲ್ಗಾರ್ಡ್ ಅವರು. ಇದು ಉತ್ಪ್ರೇಕ್ಷೆ ಎನ್ನುವವರು ಇಲ್ಲಿ ಒಂದು ಚಳಿಗಾಲ ಕಳೆದು ಆಮೇಲೆ ಬಾಯಿ ಬಿಡಲಿ. ನಿಲ್ದಾಣದ ಪಕ್ಕದ ಉಣ್ಣೆ ಗೋದಾಮಿನಲ್ಲೇ ಆಯುಸ್ಸು ಸವೆಸಿದ ನಾನು ಅವರ ನಿವೃತ್ತಿಯ ಈ ನೆನಪಿನ ಸಂಪುಟಕ್ಕೆ ನಾಲ್ಕು ಮಾತು ಬರೆಯಲು ಕುಳಿತರೆ, ಕುಳಿತಲ್ಲಿ ಕೂರಲಾಗುತ್ತಿಲ್ಲ. ಗಾಳಿ ಕಿಟಕಿ ಬಡಿದಾಗಲೆಲ್ಲ ಎದ್ದುಹೋಗಿ ಹಳಿಯ ಕಡೆ ನೋಡಿಬರುತ್ತೇನೆ.

ನಮ್ಮ ಅಜ್ಜಂದಿರು ಸ್ಕಾಟ್ಲೆಂಡಿನಿಂದಲೂ ನಾರ್ವೆಯಿಂದಲೂ ಬಂದು ಕುರಿ ಸಾಕಿದರು. ಉಣ್ಣೆಯ ವಾಸನೆ ಹಿಡಿದು ರೈಲು ಬಂತು. ಇಲ್ಲೇ ಮಾಸ್ತರರಾಗಿದ್ದ ತಂದೆ ತೀರಿಕೊಂಡ ವಾರವೇ ಅವರ ಟೋಪಿ ಹಾಕಿಕೊಂಡು ಕೆಲಸಕ್ಕೆ ನಿಂತ ಮಿಸ್ ಮೆಲ್ಗಾರ್ಡ್ ಅವರು, ತಾಯಿ ಸತ್ತ ಕುರಿಮರಿಗಳನ್ನು ಪ್ರಯಾಣಿಕರ ಕೋಣೆಯ ಒಲೆಯ ಪಕ್ಕ ಮಲಗಿಸಿ ಬದುಕಿಸಿದವರು. ಹಿಮಗಾಳಿಯ ದಿನ ನನ್ನ ಹೆಂಡತಿ ಮೇಬಲ್‌ಗೆ ಹೆರಿಗೆ ನೋವು ಬಂದಾಗ, ನಿಲ್ಲಬಾರದ ಗೂಡ್ಸ್ ಗಾಡಿಗೆ ಕೆಂಪು ದೀಪ ತೋರಿಸಿ ನಿಲ್ಲಿಸಿ, ಅವಳನ್ನು ಆಸ್ಪತ್ರೆಗೆ ಕಳಿಸಿ, ಮೇಲಿನವರಿಂದ ಬೈಗುಳ ತಿಂದರು. ಆ ಋಣ ತೀರುವಂಥದ್ದಲ್ಲ.

ಲಾರಿಗಳು ಬಂದು ಸರಕು ಕಡಿಮೆಯಾದಾಗ, ನಿಲ್ದಾಣ ಮುಚ್ಚುವುದೋ ಬೇಡವೋ ಎಂದು ನೋಡಲು ಅಧಿಕಾರಿಗಳು ಬಂದರು. ಊರಿನ ಕುರಿಯನ್ನೆಲ್ಲ ತೋರಿಸುವ ಹುಮ್ಮಸ್ಸಿನಲ್ಲಿ ನಾವು ಅವರ ಬೋಗಿಯನ್ನು ಕುರಿ ಹತ್ತಿಸುವ ದೊಡ್ಡಿಯ ಹಲಗೆಗೇ ತಂದು ನಿಲ್ಲಿಸಿಬಿಟ್ಟೆವು. ನಮ್ಮಲ್ಲಿ ಗಾಡಿ ಹತ್ತಲು ಕುರಿಗಳಿಗೆ ದಾರಿ ತೋರಿಸುವುದು ಪಳಗಿದ ಒಂದು ಹೋತ. ಮುಂದೆ ಹತ್ತಿ, ಹಿಂಡು ಒಳಸೇರಿದ ಮೇಲೆ ಇನ್ನೊಂದು ಬಾಗಿಲಿಂದ ಇಳಿದು ಬರುತ್ತದೆ. ‘ಪಾದ್ರಿ’ ಎಂದು ಕರೆಯುತ್ತಿದ್ದ ಆ ಹೋತ ಗಂಭೀರವಾಗಿ ನಡೆದು ಸಾಹೇಬರ ಊಟದ ಮೇಜಿನ ತನಕ ಹೋಯಿತು, ಹಿಂದೆಯೇ ಹಿಂಡು.

“ಅಯ್ಯೋ, ಇದೇನಮ್ಮಾ ಇದು!” ಎಂದು ದೊಡ್ಡ ಸಾಹೇಬರು ಕುರ್ಚಿ ಹತ್ತಿದರು.

“ಸರಕೇ ಇಲ್ಲ ಅಂತಿದ್ರಲ್ಲ ಸ್ವಾಮಿ, ತಗೊಳ್ಳಿ!” ಎಂದರು ಮಿಸ್ ಮೆಲ್ಗಾರ್ಡ್.

ಸಾಹೇಬರು ನಕ್ಕುಬಿಟ್ಟರು. “ಆಯ್ತಮ್ಮ, ನೀವು ಇರೋ ತನಕ ಗಾಡಿ ನಿಲ್ಲುತ್ತೆ” ಎಂದರು. ಊರು ಕುಣಿಯಿತು. ಆ ಮಾತಿನ ಇನ್ನೊಂದು ಮಗ್ಗುಲನ್ನು ಆಗ ಯಾರೂ ನೋಡಲಿಲ್ಲ.

ಅವರು ಇರುವ ತನಕ! ಪಡುವಣ ಕಡಲ ದಂಡೆಯಲ್ಲಿ ತಂಗಿ ಸಿಗ್ನೆ ಕೋಣೆ ಸಿದ್ಧಮಾಡಿಟ್ಟು ಕರೆಯುತ್ತಲೇ ಇದ್ದರು. ಇವರು ಹೊರಡುವೆನೆಂದಾಗಲೆಲ್ಲ ನಾವು ಮಾಂಸದ ಕಡುಬು ಹೊತ್ತು ಬಾಗಿಲಿಗೆ ಹೋಗಿ, “ಇದೊಂದು ವರ್ಷ ಥೋರಾ” ಎಂದು ಗೋಗರೆದೆವು. ಕಡಲನ್ನೇ ಕಾಣದ ಆ ಹೆಂಗಸು ಪ್ರತಿಸಲವೂ ಉಳಿದರು.

ಕಳೆದ ಉಣ್ಣೆ ಕತ್ತರಿಸುವ ಕಾಲದಲ್ಲಿ ನಾನು ಮತ್ತೆ ಕಡುಬು ಹಿಡಿದು ಹೋದೆ. ಅವರು ತಟ್ಟೆ ಮುಟ್ಟಲಿಲ್ಲ.

“ಫರ್ಗಸ್, ನಾನೂ ಆ ಪಾದ್ರಿ ಥರಾನೇ ಆಗ್ಬಿಟ್ಟೆ ಕಣೋ. ಎಲ್ಲರನ್ನೂ ಗಾಡಿ ಹತ್ತಿಸ್ತೀನಿ, ನಾನು ಮಾತ್ರ ಇನ್ನೊಂದು ಬಾಗಿಲಿಂದ ಇಳಿದು ವಾಪಸ್ ಬರ್ತೀನಿ. ಮಂಡಿ ಹೋಗಿದೆ. ಸಿಗ್ನೆ ಕಣ್ಣೂ ಮಂಜಾಗ್ತಿದೆ. ಅವಳಿಗೆ ನನ್ನ ಮುಖ ಕಾಣೋ ಹೊತ್ತಿಗಾದ್ರೂ ಬಿಡ್ರೋ ನನ್ನ.”

ನಾನು ಕಡುಬನ್ನು ವಾಪಸು ತಂದು, ಊರಿನವರನ್ನು ಸೇರಿಸಿ, ಇನ್ನು ಯಾರೂ ಆ ಬಾಗಿಲಿಗೆ ಹೋಗಕೂಡದೆಂದೆ. ಆಯಿತು, ಈ ಶನಿವಾರ ಅವರ ಪಯಣ. ಅದಾದ ಮೇಲೆ ಟಾರ್ವಿಕ್‌ನಲ್ಲಿ ಗಾಡಿ ನಿಲ್ಲುವುದಿಲ್ಲ. ಊರಿನ ಗತಿ ಏನೆಂದು ಕೇಳಿದರೆ, ನನಗೆ ಗೊತ್ತಿಲ್ಲ. ಹೆದರಿಕೆಯಾಗುತ್ತದೆ.

ಮಿಸ್ ಮೆಲ್ಗಾರ್ಡ್ ಅವರು ನೂರ್ಕಾಲ ಬಾಳಲಿ, ತಂಗಿಯ ಪಕ್ಕ ಕುಳಿತು ಕಣ್ತುಂಬ ಕಡಲು ನೋಡಲಿ, ಅಲ್ಲಿನ ಮಾಸ್ತರರಿಗೂ ಒಂದಿಷ್ಟು ಬುದ್ಧಿ ಹೇಳಲಿ. ಇಲ್ಲಿಂದ ಗಾಡಿ ಹೊರಡಬೇಕಾದರೆ ಯಾರಾದರೂ ಹಸಿರು ಬಾವುಟ ಬೀಸಲೇಬೇಕು. ಶನಿವಾರ ಅದನ್ನು ಬೀಸುವವನು ನಾನು. ಬೋಗಿಯ ಇನ್ನೊಂದು ಬಾಗಿಲಿಗೆ ಚಿಲಕ ಹಾಕಿರೆಂದು ಗಾರ್ಡಿಗೆ ಈಗಲೇ ಹೇಳಿಟ್ಟಿದ್ದೇನೆ.