ನಿಲ್ಲಿಸುವ ಗುಂಡಿಯಿಲ್ಲದ ಹೆಲಿಕಾಪ್ಟರು

ಓಡುತ್ತಿರುವ ಯಂತ್ರದೊಳಗೆ ಕೈ ಹಾಕಿ ಎಂದು ಹೇಳುವ ಪುಸ್ತಕವನ್ನು ನಾನು ಬದುಕಿನಲ್ಲಿ ಒಮ್ಮೆ ಮಾತ್ರ ನೋಡಿದ್ದೇನೆ. ಅದು ರಿಮೋಟಿನಿಂದ ಹಾರಿಸುವ ಆಟಿಕೆ ಹೆಲಿಕಾಪ್ಟರಿನ ಜೊತೆ ಬಂದ ಕೈಪಿಡಿ. ಆಟಿಕೆ ಎಂದು ನಾನು ಹೇಳುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ಹಾಗೆ ಬರೆದಿರಲಿಲ್ಲ. ನಿಜವಾದದ್ದರ ಹಾಗೆಯೇ ಹಾರುವ ಮಾದರಿ ಎಂದು ಬರೆದಿತ್ತು. ನಿಜವಾದದ್ದನ್ನು ನಾನು ಬಲ್ಲೆ. ವಾಯುಸೇನೆಯಲ್ಲಿ ಇದ್ದಷ್ಟು ಕಾಲ ಹೆಲಿಕಾಪ್ಟರುಗಳ ಎಂಜಿನು ಬಿಚ್ಚಿ ಜೋಡಿಸುವುದೇ ನನ್ನ ಕೆಲಸವಾಗಿತ್ತು. ತಿರುಗುವ ರೆಕ್ಕೆಯ ಅಳವಿನೊಳಗೆ ಮನುಷ್ಯನ ಮೈಯ ಯಾವ ಭಾಗವೂ ಇರಕೂಡದು ಎಂಬುದು ಅಲ್ಲಿ ನಮಗೆ ಕಲಿಸಿದ ಮೊದಲ ಪಾಠ. ಅದನ್ನು ಮರೆತವನಿಗೆ ಎರಡನೆಯ ಪಾಠ ಕಲಿಸುತ್ತಿರಲಿಲ್ಲ, ಮನೆಗೆ ಕಳಿಸುತ್ತಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿವೃತ್ತಿಯಾಗಿ ಊರಿಗೆ ಬಂದ ನಾನು ಕಡಬ ಪೇಟೆಯ ತುದಿಯಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದೆ. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನು ಬಣ್ಣದಲ್ಲಿ ಬರೆದು, ಅದರದರ ಜಾಗದಲ್ಲೇ ಅದನ್ನು ತೂಗುಹಾಕುತ್ತಿದ್ದೆ. ಸಂಜೆ ಒಂದು ಜಾಗ ಖಾಲಿ ಕಂಡರೆ ಅಂಗಡಿಯ ಬಾಗಿಲು ಹಾಕುತ್ತಿರಲಿಲ್ಲ. ಊರಿನವರಿಗೆ ಇದು ದೊಡ್ಡ ತಮಾಷೆ. ಆದರೆ ಊರಿನವರ ಒಂದು ಅಭ್ಯಾಸ ನನಗೆ ತಮಾಷೆಯಾಗಿರಲಿಲ್ಲ. ಕರೆಂಟು ಬಾರದ ತೋಟಗಳಲ್ಲಿ ಆಗ ಸೀಮೆಎಣ್ಣೆ ಪಂಪುಗಳೇ ಇದ್ದವು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ನಿಲ್ಲಿಸುವಾಗ ಯಾರೂ ಗುಂಡಿ ಹುಡುಕುತ್ತಿರಲಿಲ್ಲ. ಹೆಚ್ಚಿನ ಪಂಪುಗಳಲ್ಲಿ ಅದು ಎಂದೋ ಕಿತ್ತುಹೋಗಿರುತ್ತಿತ್ತು. ಕಾಲಿನ ಹವಾಯಿ ಚಪ್ಪಲಿ ತೆಗೆದು ಅದರ ತುದಿಯಿಂದ ಪ್ಲಗ್ಗಿನ ವಯರನ್ನು ತಳ್ಳಿಬಿಡುವುದು, ಅಷ್ಟೇ. ರಬ್ಬರಾದ್ದರಿಂದ ಶಾಕ್ ಹೊಡೆಯುವುದಿಲ್ಲ. ವಯರು ಕಳಚಿದರೆ ಎಂಜಿನು ಸತ್ತಿತು. ಗಂಡಸರು, ಹೆಂಗಸರು ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಎಷ್ಟು ಬೈದರೂ ಯಾರೂ ಬಿಟ್ಟವರಲ್ಲ.

ಈ ಚಪ್ಪಲಿ ವಿದ್ಯೆಯಲ್ಲಿ ಎಲ್ಲರಿಗಿಂತ ಚುರುಕಾದವನು ನನ್ನ ನೆರೆಯವನು. ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರ್ ನೆಟ್ಟ ಕ್ರೈಸ್ತ ಮನೆತನದ ಹಿರಿಯ ಮಗ. ಅವರ ಮಲೆಯಾಳದಲ್ಲಿ ಅಣ್ಣನಿಗೆ ಹೇಳುವ ಹಾಗೆ ನಾವೂ ಅವನನ್ನು ಚೇಟ್ಟ ಎಂದೇ ಕರೆಯುತ್ತಿದ್ದೆವು. ವರ್ಷಗಟ್ಟಲೆ ಕಾದ ಮೇಲೆ ಅವನ ಮರಗಳು ಆಗತಾನೇ ಹಾಲಿಗೆ ಬಂದಿದ್ದವು. ಹಾಲು ಇಳಿಸುವ ಟ್ಯಾಪಿಂಗಿಗೆ ಬೇರೆ ಯಾರನ್ನೂ ಬಿಡುತ್ತಿರಲಿಲ್ಲ. ತೊಗಟೆಯನ್ನು ತೆಳ್ಳಗೆ ಕೆತ್ತಬೇಕು. ಮೇಲೆ ಮೇಲೆ ಕೆತ್ತಿದರೆ ಹಾಲಿಲ್ಲ. ಸ್ವಲ್ಪ ಒಳಗೆ ಹೋದರೂ ಮರಕ್ಕೆ ಗಾಯವಾಗಿ ಗಂಟು ಕಟ್ಟುತ್ತದೆ, ಮುಂದೆ ಆ ಜಾಗದಲ್ಲಿ ಕತ್ತಿ ಓಡುವುದಿಲ್ಲ. ಇವೆರಡರ ನಡುವಿನ ಅಳತೆ ಇದ್ದದ್ದು ಅವನ ಬಲಗೈಯ ಬೆರಳುಗಳಲ್ಲಿ. ಆ ಮನೆಯ ಅನ್ನ ಇದ್ದದ್ದೂ ಅಲ್ಲೇ.

ಚೇಟ್ಟನ ತಮ್ಮ ಗಲ್ಫಿನಿಂದ ರಜೆಗೆ ಬಂದಾಗ ಆ ಪೆಟ್ಟಿಗೆ ತಂದ. ಟೇಪ್ ರೆಕಾರ್ಡರ್, ಕಂಬಳಿ, ಅತ್ತರು ಎಲ್ಲರೂ ತರುತ್ತಿದ್ದರು. ಹೆಲಿಕಾಪ್ಟರು ತಂದವನು ಇವನೊಬ್ಬನೇ. ಅಣ್ಣ ತಮ್ಮ ಇಬ್ಬರೂ ಅದನ್ನು ಜೀಪಿನಲ್ಲಿಟ್ಟುಕೊಂಡು ನನ್ನ ಅಂಗಡಿಗೆ ಬಂದರು.

“ನಿಮ್ಗೆ ಇದೆಲ್ಲ ಗೊತ್ತುಂಟಲ್ಲ ಸಾರ್,” ಎಂದ ತಮ್ಮ. “ಒಮ್ಮೆ ಜೋಡಿಸಿ ಕೊಡಿ. ಹಾರಿಸುದು ನಾನು.”

“ಮೊದಲು ಪುಸ್ತಕ ಕೊಡು.”

“ಪುಸ್ತಕದಲ್ಲಿ ಎಂತ ಉಂಟು ಓದ್ಲಿಕ್ಕೆ? ಚಿತ್ರ ನೋಡಿದ್ರೆ ಸಾಕು.”

ಚೇಟ್ಟ ನಕ್ಕ. “ಇವನು ಶಾಲೆಯಲ್ಲಿಯೂ ಹೀಗೇ ಮಾರಾಯ್ರೆ. ಚಿತ್ರ ನೋಡಿ ನೋಡಿಯೇ ಫೇಲಾದದ್ದು.”

ನಾನು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಆಮೇಲೆ ಯಂತ್ರವನ್ನು ಮೇಜಿನ ಮೇಲಿಟ್ಟು ಜೋಡಿಸಲು ಕುಳಿತೆ. ಒಂದೊಂದು ಭಾಗ ಕೈಗೆ ಬಂದ ಹಾಗೆ ಸಿಟ್ಟು ಏರುತ್ತ ಹೋಯಿತು. ಬಾಲದ ಪುಟ್ಟ ರೆಕ್ಕೆಗೆ ಶಕ್ತಿ ಹೋಗುವುದು ಸೈಕಲ್ ಬ್ರೇಕಿನಂಥ ಒಂದು ತಂತಿಯಲ್ಲಿ. ಬಾಲ ತಪ್ಪಿದರೆ ಇಡೀ ಯಂತ್ರ ಬುಗುರಿ. ಅದನ್ನು ಹಿಡಿದು ನಿಲ್ಲಿಸುವ ಉಪಕರಣ ಯಾವುದೂ ಇಲ್ಲ, ಹಾರಿಸುವವನ ಹೆಬ್ಬೆರಳೇ ಗತಿ. ಹಲ್ಲಿನ ಚಕ್ರ ಪ್ಲಾಸ್ಟಿಕ್ಕಿನದು. ಕೈಯಲ್ಲಿ ತಿರುಗಿಸಿ ನೋಡುವಾಗಲೇ ಅದರ ಒಂದು ಹಲ್ಲು ಉದುರಿತು. ಸುಳ್ಯದ ಲೇತಿನ ಅಂಗಡಿಗೆ ಬಸ್ಸಿನಲ್ಲಿ ಹೋಗಿ ಹಿತ್ತಾಳೆಯದೊಂದು ಮಾಡಿಸಿಕೊಂಡು ಬಂದೆ. ಎಂಜಿನಿಗೆ ಎಷ್ಟು ಎಣ್ಣೆ ಹೋಗಬೇಕೆಂದು ಸರಿಮಾಡುವ ಸ್ಕ್ರೂ ಇದ್ದದ್ದು ದೊಡ್ಡ ರೆಕ್ಕೆಯ ನೇರ ಕೆಳಗೆ. ಅದನ್ನು ತಿರುಗಿಸಬೇಕಾದದ್ದು ಎಂಜಿನು ಓಡುವಾಗ. ಪುಸ್ತಕದಲ್ಲಿ ಚಿತ್ರವೇ ಇತ್ತು: ಟೈ ಕಟ್ಟಿದ ಒಬ್ಬ ಮನುಷ್ಯ ಮಂಡಿಯೂರಿ, ರೆಕ್ಕೆಯ ಬುಡವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಒಳಗೆ ತೂರಿಸಿ ನಗುತ್ತಿದ್ದಾನೆ. ನಗುವುದಕ್ಕೆ ಅವನಿಗೆ ಅಲ್ಲಿ ಏನು ಸಿಕ್ಕಿತೋ ನನಗೆ ತಿಳಿಯದು.

ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಆ ಎಂಜಿನನ್ನು ನಿಲ್ಲಿಸುವ ಗುಂಡಿಯೇ ಇರಲಿಲ್ಲ. ರಿಮೋಟಿನ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದರೆ ಗಾಳಿಯ ಬಾಯಿ ಮುಚ್ಚಿ ಎಂಜಿನು ತಾನೇ ನಿಲ್ಲುತ್ತದೆ ಎಂದು ಪುಸ್ತಕ ಹೇಳಿತ್ತು. ಎಳೆದು ನೋಡಿದೆ. ಬಾಯಿ ಮುಚ್ಚಬೇಕಾದ ಪುಟ್ಟ ತೋಳು ಪಕ್ಕದ ತಗಡಿಗೆ ತಾಗಿ ಅರ್ಧ ದಾರಿಯಲ್ಲೇ ನಿಂತಿತು. ಬಾಯಿ ಉಗುರಿನಷ್ಟು ತೆರೆದೇ ಉಳಿಯಿತು. ತಗಡಿನ ನಕ್ಷೆ ಬರೆದವನು ಒಬ್ಬ, ತೋಳಿನದು ಇನ್ನೊಬ್ಬ. ಎರಡನ್ನೂ ಒಂದು ಮೇಜಿನ ಮೇಲಿಟ್ಟು ಒಮ್ಮೆ ಕೂಡಿಸಿ ನೋಡುವ ಶ್ರಮವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಕಳಚೋಣವೆಂದರೆ ಪ್ಲಗ್ಗಿಗೆ ವಯರೂ ಇಲ್ಲ. ಬ್ಯಾಟರಿ ತಾಗಿಸಿ ಒಮ್ಮೆ ಕೆಂಪಗೆ ಕಾಯಿಸಿದರೆ, ಮತ್ತೆ ಎಣ್ಣೆ ಮುಗಿಯುವವರೆಗೆ ತನ್ನಷ್ಟಕ್ಕೇ ಉರಿಯುವ ಪ್ಲಗ್ಗು ಅದು.

ಹಲಗೆಯಿಂದ ಲೋಹ ಉಜ್ಜುವ ಅರ ತೆಗೆದೆ. “ಈ ತಗಡಿಗೆ ಒಂದು ಕಚ್ಚು ಹಾಕ್ತೇನೆ. ತೋಳು ಸಲೀಸು ಹೋಗ್ತದೆ.”

ತಮ್ಮ ನನ್ನ ಕೈ ಹಿಡಿದುಕೊಂಡ. “ಬೇಡ ಬೇಡ ಸಾರ್! ಅರ ಹಾಕಿದ್ರೆ ಗ್ಯಾರಂಟಿ ಹೋಗ್ತದೆ. ಇದು ಪಂಪಲ್ಲ, ಫಾರಿನ್ ಐಟಂ. ಅವ್ರಿಗೆ ಗೊತ್ತಿಲ್ವಾ ಹೇಗೆ ಮಾಡುದು ಅಂತ?”

“ಗೊತ್ತಿದ್ರೆ ಹೀಗೆ ಮಾಡ್ತಿದ್ರಾ?”

“ಚಕ್ರ ಮುರಿದದ್ದು, ಅದಕ್ಕೆ ಬಿಟ್ಟೆ. ಇದು ಮುರಿದಿಲ್ಲಲ್ಲ.”

ಕೆಳಗಿನ ಸ್ಕ್ರೂವನ್ನು ದೂರದಿಂದ ತಿರುಗಿಸಲು ನಾನು ಸೈಕಲ್ಲಿನ ಕಡ್ಡಿಯಿಂದ ಉದ್ದನೆಯ ಹಿಡಿ ಮಾಡಿದ್ದೆ. ಚಂದ ಹಾಳಾಗುತ್ತದೆಂದು ಅದನ್ನೂ ಕಿತ್ತುಹಾಕಿದ. ಆ ಗಳಿಗೆಯಲ್ಲೇ ನಾನು ಕೆಲಸ ಬಿಡುತ್ತಿದ್ದೆ. ಆದರೆ ಸಂಜೆ ಚೇಟ್ಟ ಒಬ್ಬನೇ ಬಂದು ಬಾಗಿಲಲ್ಲಿ ನಿಂತ. “ಅವ ಹೇಗಿದ್ರೂ ಹಾರಿಸ್ತಾನೆ. ನೀವು ಹತ್ತಿರ ಇದ್ರೆ ಒಂದು ಧೈರ್ಯ.” ಸುಣ್ಣದಲ್ಲಿ ಗೆರೆ ಹಾಕುತ್ತೇನೆ, ಆ ಗೆರೆಯನ್ನು ಯಾರೂ ದಾಟಬಾರದು, ಚಪ್ಪಲಿ ಹಿಡಿದುಕೊಂಡು ನೀನಂತೂ ಖಂಡಿತ ದಾಟಬಾರದು ಎಂದು ಷರತ್ತು ಹಾಕಿದೆ. “ದಾಟುದಿಲ್ಲ ಮಾರಾಯ್ರೆ. ಈ ಕೈ ಹೋದ್ರೆ ನನ್ನ ಮರಗಳಿಗೆ ಕತ್ತಿ ಇಡುದು ಯಾರು?” ಎಂದು ಕೈ ಎತ್ತಿ ತೋರಿಸಿದ.

ಎಣ್ಣೆಗೆ ಪುತ್ತೂರಿಗೆ ಹೋಗಬೇಕಾಯಿತು. ಅದೂ ಪೆಟ್ರೋಲಲ್ಲ, ಡೀಸೆಲ್ಲಲ್ಲ. ಕಾಲೇಜುಗಳ ಪ್ರಯೋಗಶಾಲೆಗೆ ಕೊಡುವ ಒಂದು ಸ್ಪಿರಿಟು, ಅದಕ್ಕೆ ಹರಳೆಣ್ಣೆ ಬೆರೆಸಬೇಕು. ಸ್ಪಿರಿಟಿನ ಅಂಗಡಿಯವನು ನನ್ನನ್ನು ಸಾರಾಯಿ ಕಾಯಿಸುವವನೆಂದು ತಿಳಿದು, ನಾನು ಸೇನೆಯ ಗುರುತಿನ ಚೀಟಿ ತೋರಿಸಿದ ಮೇಲೆ ಕೊಟ್ಟ. ಹರಳೆಣ್ಣೆಯ ಅಂಗಡಿಯವನು ಡಬ್ಬದ ಗಾತ್ರ ನೋಡಿ, “ಇಷ್ಟು ಯಾರಿಗೆ?” ಎಂದು ಕೇಳಿದ. ಹೆಲಿಕಾಪ್ಟರಿಗೆ ಎಂದೆ. “ಎಂತ ಮಾರಾಯ್ರೆ, ಅದಕ್ಕೂ ಹೊಟ್ಟೆ ಕಟ್ಟಿದ್ದಾ?” ಎಂದ. ಇಡೀ ವ್ಯವಹಾರದಲ್ಲಿ ನನಗೆ ನಗು ಬಂದದ್ದು ಅಲ್ಲಿ ಮಾತ್ರ.

ಕೊಯ್ಲು ಮುಗಿದು ಒಣಗಿದ ಗದ್ದೆಯೊಂದರಲ್ಲಿ ಹಾರಿಸುವುದೆಂದಾಯಿತು. ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ ಸುಣ್ಣದ ಗೆರೆ ಹಾಕಿದೆ. ನೋಡಲು ಬಂದವರು ಗದ್ದೆಯ ಬದುವಿನ ಮೇಲೆ ಸಾಲಾಗಿ ನಿಂತರು. ಚೇಟ್ಟನ ಹೆಂಡತಿ ಚಿಕ್ಕ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಇದ್ದಳು. ಯಂತ್ರವನ್ನು ನಾಲ್ಕು ಗೂಟಗಳಿಗೆ ಹಗ್ಗದಿಂದ ಕಟ್ಟಿ ಮೊದಲು ಪರೀಕ್ಷೆ ಮಾಡೋಣ ಎಂದೆ. “ಕೋಣ ಕಟ್ಟಿದ ಹಾಗೆ ಕಟ್ಟಿದ್ರೆ ಅದು ಎಂತ ಹಾರುದು?” ಎಂದ ತಮ್ಮ. ಬದುವಿನ ಮೇಲಿದ್ದವರು ಹೋ ಎಂದರು. ಹಗ್ಗ ಬುಟ್ಟಿಯಲ್ಲೇ ಉಳಿಯಿತು.

ಹೆಲಿಕಾಪ್ಟರು ಎದ್ದಿತು. ಇಲ್ಲವೆನ್ನುವುದಿಲ್ಲ. ಮಂಡಿಯೆತ್ತರ ಎದ್ದು, ಬಾಲವನ್ನು ಬೀಸಿ, ತಮ್ಮನ ಕಡೆಗೆ ಮುಖ ತಿರುಗಿಸಿತು. ಮುಖ ತಿರುಗಿದ ಮೇಲೆ ಅವನ ಎಡ ಅದರ ಬಲ. ಅವನು ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ಹೋಯಿತು. ಹೆದರಿ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆದ. ಅದು ಧೊಪ್ಪನೆ ಕುಳಿತಿತು, ಆದರೆ ನಿಲ್ಲಲಿಲ್ಲ. ತೋಳು ತಗಡಿಗೆ ತಾಗಿತ್ತಲ್ಲ. ರೆಕ್ಕೆ ತಿರುಗುತ್ತಲೇ ಇತ್ತು. ಯಂತ್ರ ನಡುಗುತ್ತ, ಕೂಳೆಗಳ ಮೇಲೆ ಜಾರುತ್ತ, ಸುಣ್ಣದ ಗೆರೆ ದಾಟಿ ಬದುವಿನ ಕಡೆಗೆ ಹೊರಟಿತು. ಅದರ ದಾರಿಯಲ್ಲಿದ್ದವಳು ಮಗುವನ್ನು ಎತ್ತಿಕೊಂಡ ತಾಯಿ. ಅವಳ ಹಿಂದೆ ಬೇಲಿ.

“ನಿಲ್ತಾ ಇಲ್ಲ! ನಿಲ್ತಾ ಇಲ್ಲ!” ಎಂದು ತಮ್ಮ ಕೂಗಿದ.

“ಯಾರೂ ಹತ್ತಿರ ಹೋಗ್ಬೇಡಿ!” ಎಂದು ನಾನು ಕೂಗಿ ಹೆಂಗಸಿನ ಕಡೆಗೆ ಓಡಿದೆ. ಚೇಟ್ಟ ಯಂತ್ರದ ಕಡೆಗೆ ಓಡಿದ. ಓಡುತ್ತಲೇ ಬಲಗಾಲಿನ ಚಪ್ಪಲಿ ತೆಗೆದಿದ್ದ. ಕೆಟ್ಟ ಎಂಜಿನೊಂದು ತನ್ನ ಹೆಂಡತಿ ಮಗುವಿನ ಮೇಲೆ ಬರುತ್ತಿರುವಾಗ ಆ ಊರಿನ ಯಾವ ಮನುಷ್ಯನಾದರೂ ಮಾಡುವುದನ್ನೇ ಅವನು ಮಾಡಿದ. ಬಗ್ಗಿ, ಪ್ಲಗ್ಗಿಗೆ ಗುರಿಯಿಟ್ಟು ಚಪ್ಪಲಿ ಒತ್ತಿದ. ಕಳಚಲು ಅಲ್ಲಿ ವಯರೇ ಇರಲಿಲ್ಲ. ರೆಕ್ಕೆ ಇತ್ತು.

ಚಪ್ಪಲಿಯ ತುಂಡು ಬದುವಿನಾಚೆ ಬಿತ್ತು. ರೆಕ್ಕೆ ಸೀಳಿ ಯಂತ್ರ ಮಗುಚಿತು. ಆಗ ಎಂಜಿನು ನಿಂತಿತು. ತಾಯಿಗೂ ಮಗುವಿಗೂ ಏನೂ ಆಗಿರಲಿಲ್ಲ. ಚೇಟ್ಟ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕುಳಿತಿದ್ದ. ನನ್ನ ಹೆಗಲ ಮೇಲಿದ್ದ ಬೈರಾಸಿನ ಬಟ್ಟೆಯಿಂದ ಬಿಗಿಯಾಗಿ ಕಟ್ಟಿ, ಜೀಪು ಹತ್ತಿಸಿ, ಉಪ್ಪಿನಂಗಡಿ ದಾಟಿ ಪುತ್ತೂರಿನ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ ಮಾತು: “ಕತ್ತಿ ಹಿಡಿಲಿಕ್ಕೆ ಆಗ್ಬಹುದಾ?” ಡಾಕ್ಟರರು ಹೊಲಿದು ಮುಗಿಸಿ, ಬೆರಳು ಉಳಿಯುತ್ತದೆ, ಆದರೆ ತೋರುಬೆರಳು ಇನ್ನು ಮಡಚುವುದಿಲ್ಲ ಎಂದರು.

ಆಮೇಲೆ ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿದೆ. ಪೇಟೆಯಲ್ಲಿ ಅವನನ್ನು ಕಂಡವರೆಲ್ಲ, “ಪರದೇಶದ ಕಂಪೆನಿಗೆ ಚಪ್ಪಲಿಯಲ್ಲಿ ಹೊಡೆದ ಗಂಡಸು ನೀನೊಬ್ಬನೇ ಮಾರಾಯ” ಎಂದರು. ಅದನ್ನು ಅವನೇ ನಕ್ಕು ಒಪ್ಪಿಕೊಂಡ. ನನಗೆ ತಡೆಯಲಾಗದೆ ಹೋದದ್ದು ಬೇರೆ ಮಾತು. ತಮ್ಮ ಗಲ್ಫಿಗೆ ಹೋಗಿ, ಹೆಲಿಕಾಪ್ಟರು ಕೊಂಡ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದನಂತೆ. ತಿರುಗುವ ರೆಕ್ಕೆಯ ಹತ್ತಿರ ಕೈ ಒಯ್ಯಬಾರದೆಂದು ಕೊನೆಯ ಪುಟದಲ್ಲಿ ಬರೆದಿದೆ, ತಪ್ಪು ನಿಮ್ಮದೇ ಎಂದರಂತೆ. ಬರೆದಿತ್ತು, ನಿಜ. ಅದೇ ಪುಸ್ತಕದ ನಡುವೆ ಆ ಟೈಯ ಮನುಷ್ಯನೂ ಕೈ ತೂರಿಸಿಕೊಂಡು ನಗುತ್ತಿದ್ದ. ಒಂದು ಪುಟದಲ್ಲಿ ಕೈ ಹಾಕು, ಇನ್ನೊಂದು ಪುಟದಲ್ಲಿ ಹಾಕಬೇಡ. ಏನಾದರೂ ಆದರೆ ಓದಿದವನ ತಪ್ಪು, ಓದದಿದ್ದರೂ ಅವನದೇ ತಪ್ಪು.

ಮುಂದಿನ ರಜೆಗೆ ಬಂದಾಗ ತಮ್ಮ ತಲೆ ತಗ್ಗಿಸಿಕೊಂಡು ನನ್ನ ಅಂಗಡಿಗೆ ಬಂದ. ಗಲ್ಫಿನ ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದೇ ಹೆಲಿಕಾಪ್ಟರಿನ ಹೊಸ ಮಾದರಿ ಇಟ್ಟಿದ್ದರಂತೆ.

“ಆ ತಗಡಿಗೆ ಒಂದು ಕಚ್ಚು ಹಾಕಿದ್ದಾರೆ ಸಾರ್. ನೀವು ಹೇಳಿದ ಜಾಗದಲ್ಲೇ.”

ಅಂದರೆ ಅವರಿಗೆ ಗೊತ್ತಾಗಿತ್ತು. ಹಳೆಯದನ್ನು ಕೊಂಡವರಿಗೆ ಒಂದು ಮಾತು ತಿಳಿಸಬೇಕೆಂದು ಮಾತ್ರ ಅನ್ನಿಸಿರಲಿಲ್ಲ.

ಗಾಯ ಮಾಯುವವರೆಗೆ ಟ್ಯಾಪಿಂಗ್ ಮಾಡಿದವಳು ಚೇಟ್ಟನ ಹೆಂಡತಿ. ಅವಳು ಅದಕ್ಕೆ ಮೊದಲು ಕತ್ತಿ ಹಿಡಿದವಳಲ್ಲ. ಅವನು ಪಕ್ಕದಲ್ಲಿ ನಿಂತು, “ಒಳಗೆ ಹೋಯ್ತು, ಒಳಗೆ ಹೋಯ್ತು” ಎನ್ನುವಷ್ಟರಲ್ಲಿ ಮರಕ್ಕೆ ತಾಗಿರುತ್ತಿತ್ತು. ಆಮೇಲೆ ಅವನು ಕತ್ತಿಯ ಹಿಡಿ ಬದಲಿಸಿ, ನೆಟ್ಟಗೆ ನಿಂತ ಬೆರಳನ್ನು ಬದಿಗಿಟ್ಟು, ಉಳಿದ ಬೆರಳುಗಳಿಗೆ ಮತ್ತೆ ಮೊದಲಿನಿಂದ ಕಲಿಸಿದ. ಅವು ಕಲಿಯುವವರೆಗೆ ಇನ್ನಷ್ಟು ಗಂಟುಗಳಾದವು. ಒಂದು ಸಾಲಿನ ಮರಗಳಲ್ಲಿ ಕೆಳಗಿನಿಂದ ಎದೆಯೆತ್ತರದವರೆಗೆ ತೊಗಟೆ ಉಬ್ಬಿ ಉಬ್ಬಿ ನಿಂತಿತು.

ಎಷ್ಟೋ ಕಾಲದ ಮೇಲೆ ತೋಟ ನೋಡಲು ಬಂದ ಅಧಿಕಾರಿಯೊಬ್ಬರು ಆ ಸಾಲಿನ ಮುಂದೆ ನಿಂತರು. ನಾನೂ ಜೊತೆಗಿದ್ದೆ. ಅವರು ಗಂಟಿನ ಮೇಲೆ ಕೈಯಾಡಿಸಿ, “ಇದು ಎಂತ ರೋಗ?” ಎಂದು ಕೇಳಿದರು.

“ರೋಗ ಅಲ್ಲ ಸಾರ್,” ಎಂದ ಚೇಟ್ಟ. “ಹೆಲಿಕಾಪ್ಟರು.”

ಅವರು ನಕ್ಕರು. ಚೇಟ್ಟನೂ ನಕ್ಕ. ನಾನು ಅಂಗಡಿಗೆ ಬಂದು ಹಲಗೆಯ ಮೇಲೆ ನೋಡಿದೆ. ಅಂದು ಆ ತಗಡಿಗೆ ಹಾಕದ ಅರ ಅದರ ಜಾಗದಲ್ಲೇ ಇತ್ತು.