ಕಾಕಾ ಮೇಯರ್ ಆದದ್ದು

ಕಾಕಾ ಅವರ ಕಿವಿಯ ಹಿಂದೆ ಒಂದು ಚೂರು ಗುಲಾಬಿ ಬಣ್ಣ ಉಳಿದೇ ಇರುತ್ತಿತ್ತು. ನಾಟಕ ಮುಗಿದು ವಾರ ಕಳೆದರೂ, ಎಷ್ಟು ಸಲ ಮುಖ ತೊಳೆದರೂ ಅದು ಹೋಗುತ್ತಿರಲಿಲ್ಲ. ಅವರು ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಎಷ್ಟೋ ರೋಗಿಗಳು ಆ ಬಣ್ಣ ನೋಡುತ್ತಲೇ ನಿದ್ದೆಗೆ ಜಾರಿರಬೇಕು. ಕೇಳಿದರೆ, "ಹಗಲೆಲ್ಲಾ ಮಂದೀನ್ನ ಮಲಗಸೂದ ಆತು, ಸಂಜೀಕರೆ ನಗಸೂಣಂತ," ಎನ್ನುತ್ತಿದ್ದರು.

ಧಾರವಾಡದ ಕಡೆಯವರು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಇಲ್ಲಿನ ಕನ್ನಡದವರೆಲ್ಲ ಕಾಕಾ ಎನ್ನುತ್ತಿದ್ದರು, ಮೈಸೂರಿನವಳಾದ ನಾನೂ ಅದನ್ನೇ ಕಲಿತೆ. ಬಂದ ಹೊಸತರಲ್ಲಿ ನಾನು ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ. ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್‌ನವಳು ಎರಡು ಸಲ "ಪಾರ್ಡನ್?" ಎಂದರೆ ಸಾಕು, ಜ್ವರವನ್ನು ಹಾಗೇ ಮನೆಗೆ ವಾಪಸ್ ತರುತ್ತಿದ್ದೆ. ಒಂದು ಸಂಜೆ ಕಾಕಾ ಬಾಗಿಲು ತಟ್ಟಿ, "ಏಳವಾ ತಂಗಿ, ಮನ್ಯಾಗ ಕುಂತು ಏನ್ ಮಾಡ್ತಿ? ನಮ್ಮ ಕಡೆ ಹಾಡೋ ಹೆಣಮಕ್ಕಳು ಕಮ್ಮಿ ಬಿದ್ದಾರ," ಎಂದು ಚರ್ಚ್ ಹಾಲಿಗೆ ಕರೆದೊಯ್ದರು. ಇಲ್ಲ ಎನ್ನಲು ಪುರುಸೊತ್ತು ಕೊಟ್ಟರೆ ತಾನೇ.

ಅದು ಊರಿನ ಹವ್ಯಾಸಿ ಒಪೆರಾ ಸಂಘ. ಪೋಸ್ಟ್‌ಮನ್, ಟೀಚರು, ರಿಟೈರಾದ ಬ್ಯಾಂಕಿನವರು ಸೇರಿ ವರ್ಷಕ್ಕೊಂದು ಹಳೇ ಹಾಸ್ಯ ಒಪೆರಾ ಆಡುತ್ತಿದ್ದರು. ಮಾತಿಗಿಂತ ಹಾಡು ಜಾಸ್ತಿ, ಪ್ರತಿಯೊಬ್ಬರಿಗೂ ಸಲ್ಲದವರ ಮೇಲೆ ಪ್ರೀತಿ, ಕೊನೆಗೆ ಎಲ್ಲರಿಗೂ ಮದುವೆ. ಕಾಕಾ ಅಲ್ಲಿ ಮೂವತ್ತು ವರ್ಷದಿಂದ ಬರೀ ಹಿಮ್ಮೇಳ. ಪೊಲೀಸ್ ಆಗಿದ್ದರು, ನಾವಿಕ ಆಗಿದ್ದರು, ಒಮ್ಮೆ ಕುರಿ ಕಾಯುವವನೂ ಆಗಿದ್ದರು. ಮುಖ್ಯ ಪಾತ್ರ ಮಾತ್ರ ಸಿಕ್ಕಿರಲಿಲ್ಲ. ಕಾರಣ ಅವರ ಇಂಗ್ಲಿಷು. ಪ್ರತಿ ಪದದ ಕೊನೆಗೂ ಒಂದು "ಉ" ಬಂದು ಕೂರುತ್ತಿತ್ತು: ಹಾರ್ಟು, ನೈಟು, ಲೈಟು.

ಅವರ ಒಬ್ಬನೇ ಮಗ ಪ್ರೈಮರಿಯಲ್ಲಿದ್ದಾಗ ಸ್ಕೂಲ್ ಗೇಟಿನ ಹತ್ತಿರ, "ಅಪ್ಪಾ, ನನ್ನ ಫ್ರೆಂಡ್ಸ್ ಎದುರಿಗೆ ಮಾತಾಡಬೇಡಿ," ಎಂದಿದ್ದನಂತೆ. ಕಾಕಾ ಇದನ್ನು ನಗುತ್ತಲೇ ಹೇಳಿದ್ದರು. ನಾನು ನಗಲಿಲ್ಲ. ಈಗ ಲೀಡ್ಸ್‌ನಲ್ಲಿದ್ದ ಆ ಮಗ ಅಪ್ಪನ ಒಂದು ನಾಟಕಕ್ಕೂ ಬಂದಿರಲಿಲ್ಲ. "ಒಂದು ದೊಡ್ಡ ಪಾರ್ಟ್ ಸಿಗಲಿ, ಬರ್ತಾನ. ಹಿಮ್ಮೇಳದಾಗ ನನ್ನ ಹುಡಕೂದರಾಗ ನಾಟಕಾನ ಮುಗದಿರ್ತದ," ಎನ್ನುತ್ತಿದ್ದರು.

ನಾನು ಸೇರಿದ ಕೆಲವು ವರ್ಷಕ್ಕೆ, ಹರೆಯದ ಹುಡುಗಿಯ ಮೇಲೆ ಮನಸ್ಸಿಟ್ಟ ಮುದಿ ಮೇಯರನೇ ಮುಖ್ಯ ಪಾತ್ರವಾದ ಒಪೆರಾವನ್ನು ಸಂಘದವರು ಆರಿಸಿದರು. ಪಾತ್ರಗಳ ಆಯ್ಕೆಯ ದಿನ ಕಾಕಾ ಮತ್ತೆ ಹಾಡಲು ನಿಂತರು. ಮೇಯರನ ಹಾಡಿನಲ್ಲಿ ಉಸಿರಾಡಲು ಜಾಗವಿಲ್ಲ, ಅಷ್ಟು ಓಟ. ಕಾಕಾ ಶುರು ಮಾಡಿದ್ದೇ ಹಿಂದಿನ ಸಾಲಿನ ಇಬ್ಬರು ಮುಸಿಮುಸಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಗೀತ ಹೇಳಿಕೊಡುವ ಅಜ್ಜಿ, ಮಹಾ ಕಟ್ಟುನಿಟ್ಟು, ಪಿಯಾನೊ ಬಿಟ್ಟೆದ್ದು ಹಾಲಿನ ಕಟ್ಟಕಡೆಯ ಗೋಡೆಗೆ ಹೋಗಿ ನಿಂತರು. ಕಾಕಾನಿಂದ ಇನ್ನೊಮ್ಮೆ ಹಾಡಿಸಿದರು. ಆಮೇಲೆ ನಕ್ಕವರಲ್ಲಿ ಒಬ್ಬನಾದ ಪೋಸ್ಟ್‌ಮನ್‌ನಿಂದ ಅದನ್ನೇ ಹಾಡಿಸಿದರು.

"ನಿಮ್ಮ ಪದಗಳ ಕೊನೆಯೆಲ್ಲ ದಾರಿಯಲ್ಲೇ ಬಿದ್ದುಹೋಗುತ್ತಿದೆ," ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು. "ಡಾಕ್ಟರದ್ದು ಪೂರ್ತಿ ಇಲ್ಲಿಯವರೆಗೆ ಬಂತು. ಕೊನೆಯಲ್ಲಿ ಒಂದು ಸಣ್ಣ ಸದ್ದು ಮಾಡುತ್ತಾರಲ್ಲ, ನಿಮಗೆಲ್ಲ ಅದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ."

ಪಾತ್ರ ಕಾಕಾಗೆ ಬಂತು. ಅಷ್ಟೇ ಅಲ್ಲ, ಇಡೀ ಹಿಮ್ಮೇಳಕ್ಕೆ ಅವರೇ ಮೇಷ್ಟ್ರಾದರು. ಆ ಪೋಸ್ಟ್‌ಮನ್ ಮೂಲೆಯಲ್ಲಿ ನಿಂತು "ನೈಟು, ಲೈಟು" ಎಂದು ಉರು ಹೊಡೆಯುವುದನ್ನು ನೀವು ಕೇಳಬೇಕಿತ್ತು. "ಇಂವ ನನಗಿಂತ ಹೆಚ್ಚು ಧಾರವಾಡದಾಂವ ಆದ ನೋಡವಾ," ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದರು.

ಕೊನೆಯ ಪ್ರದರ್ಶನಕ್ಕೆ ಮಗ ಬಂದ. ಕಾಕಾನ ಹಾಡಿಗೆ ಜನ ನಗಬೇಕಾದ ಜಾಗದಲ್ಲೆಲ್ಲ ನಕ್ಕರು, ಮುಗಿದ ಮೇಲೆ ಮತ್ತೊಮ್ಮೆ ಹಾಡಿಸಿಕೊಂಡರು. ಆಮೇಲೆ ಮಗ ಬಣ್ಣದ ಕೋಣೆಯ ಬಾಗಿಲಿಗೆ ಬಂದ.

"ಅಪ್ಪಾ, ಒಂದೊಂದು ಪದವೂ ಕೇಳಿಸಿತು," ಎಂದ, ಇಂಗ್ಲಿಷಿನಲ್ಲಿ.

"ಅದಕ್ಕ ನಾ ಮೇಯರ್ ಆಗಬೇಕಾತೇನೋ?" ಎಂದರು ಕಾಕಾ. ನಗುತ್ತಲೇ ಎಂದರು. ಆದರೆ ಕಣ್ಣಿಗೆ ಬಳಿದ ಕಪ್ಪೆಲ್ಲ ಇಳಿದು ಕಾಲರ್ ಹಾಳಾಗಿತ್ತು. ಮಗ ತನ್ನ ಕರ್ಚೀಫು ಕೊಟ್ಟ. ನಾನು ಹೊರಗೆ ಬಂದುಬಿಟ್ಟೆ.

ಮುಂದಿನ ಚಳಿಗಾಲದಲ್ಲಿ ಕಾಕಾ ಹೋದರು. ಹೆಚ್ಚು ನರಳಲಿಲ್ಲ, ಅದೊಂದೇ ಸಮಾಧಾನ. ಆ ಮನೆಯ ಮುಂದೆ ಹಾದು ಬಸ್‌ಸ್ಟಾಪಿಗೆ ಹೋಗಲು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮೊನ್ನೆ ನನ್ನ ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಈವ್ನಿಂಗ್. ಹೊರಡುವಾಗ ಅವಳು, "ಟೀಚರ್ ಹತ್ರ ಅಪ್ಪಾನೇ ಮಾತಾಡಲಿ ಅಮ್ಮಾ. ನಿನ್ನ ಇಂಗ್ಲಿಷ್ ಫನ್ನಿ," ಎಂದಳು. ಆದರೂ ಹೋದೆ. ಟೀಚರ್ ಎದುರು ಕೂತು ಕೇಳಬೇಕಾದದ್ದನ್ನೆಲ್ಲ ಕೇಳಿದೆ, ಒಂದು ಪದವನ್ನೂ ನುಂಗದೆ. ಮಗಳು ಅಷ್ಟು ಹೊತ್ತೂ ತನ್ನ ಶೂ ನೋಡುತ್ತ ಕೂತಿದ್ದಳು.

ಮಗನಿಗಾಗಿ ಕಾಕಾ ಅಷ್ಟು ವರ್ಷ ಕಾದರು. ನನ್ನ ಮಗಳಿಗಿನ್ನೂ ಒಂಬತ್ತು. ನಾನೂ ಕಾಯುತ್ತೇನೆ, ಆದರೆ ಬಾಯಿ ಮುಚ್ಚಿಕೊಂಡಲ್ಲ.