ನಾನು ನೀಲಿ ಮಾಡಿದ ಕೆರೆ

ಹೇಳಬೇಕಿದ್ದದ್ದು ಒಂದೇ ಮಾತು. ವಿಮಲಕ್ಕ ಎದುರಿಗೆ ನಿಂತು ಕೇಳಿದಾಗಲೂ ನಾನು ಅದನ್ನು ಹೇಳಲಿಲ್ಲ.

ಅಕ್ಕನ ಹೆಗಲಿನ ಚೀಲದಲ್ಲಿ ಸದಾ ಇಪ್ಪತ್ತು ಫೋಟೋ ಇರುತ್ತಿದ್ದವು. ಕೆ.ಆರ್. ಪುರಂ ದಾಟಿದ ಮೇಲೆ ಸಿಗುವ ಹಳ್ಳಿಗಳ ಕೆರೆ, ರಾಗಿ ಹೊಲ, ನೀಲಗಿರಿ ತೋಪು, ಸೈಟಿನ ಕಲ್ಲು ನೆಟ್ಟ ಬಯಲು. ಹಳ್ಳಿ ಕಡೆಯ ಯಾವ ನೋಟ ಜನಕ್ಕೆ ಇಷ್ಟ ಎಂದು ತಿಳಿಯುವುದೇ ಅವಳ ಪಿಎಚ್.ಡಿ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ, ಇದೂ ಒಂದು ಓದೇ ಎಂದು ನಗು ಬರುತ್ತಿತ್ತು. ಫೋಟೋಗೆ ದನ ಅಡ್ಡ ಬಂದರೆ ಅದು ಹೋಗುವವರೆಗೆ ಬಿಸಿಲಲ್ಲಿ ಕಾಯುತ್ತಿದ್ದಳು. "ಹಸು ಇದ್ರೆ ಎಲ್ರೂ ಹಸುಗೇ ಓಟ್ ಹಾಕ್ತಾರೆ ಕಣೋ" ಎನ್ನುತ್ತಿದ್ದಳು.

ಶಿವಾಜಿನಗರ ಬಸ್ ನಿಲ್ದಾಣದ ಬೆಂಚಿನ ಮೇಲೆ ಫೋಟೋ ಹರಡಿ, ಯಾವುದು ಚೆನ್ನಾಗಿದೆ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಹೂ ಮಾರುವ ಅಮ್ಮ ಒಬ್ಬರು ರಸ್ತೆಯಿದ್ದ ಚಿತ್ರವನ್ನೇ ಎತ್ತಿಕೊಂಡರು. "ಇಲ್ಲಾದ್ರೆ ಬಸ್ ಬರುತ್ತಮ್ಮ. ಮಿಕ್ಕಿದ್ರಲ್ಲೆಲ್ಲಾ ನಡೀಬೇಕು." ನಾನು ನಕ್ಕೆ. ಅಕ್ಕ ನಗಲಿಲ್ಲ, ಬರೆದುಕೊಂಡಳು. "ಅವ್ರು ಹೇಳಿದ್ದೇ ಸರಿ. ನಾವು ತಿದ್ದಬಾರ್ದು."

ಆ ಫೋಟೋಗಳನ್ನು ಪ್ರಿಂಟ್ ಹಾಕಿದವನು ನಾನು. ಹಲಸೂರಿನ ಸ್ಟುಡಿಯೋದಲ್ಲಿ ನನ್ನ ಕೆಲಸವೇ ಅದು. "ಆಕಾಶ ಇದ್ದ ಹಾಗೇ ಇರ್ಲಿ" ಎಂದು ಹೇಳಿಯೇ ಕೊಟ್ಟಿದ್ದಳು. ಆದರೆ ಮದುವೆ ಆಲ್ಬಮ್ಮಿನ ಕಪ್ಪು ಮುಖಗಳನ್ನು ಬೆಳ್ಳಗೆ ಮಾಡಿ ಅಭ್ಯಾಸವಾದ ಕೈ ನನ್ನದು. ಕೆಸರು ಬಣ್ಣದ ಕೆರೆಗಳನ್ನು ನೋಡಿ, ಅಕ್ಕನಿಗೆ ಒಳ್ಳೆಯದಾಗಲಿ ಎಂದು ನಾಲ್ಕರಲ್ಲಿ ನೀರಿಗೂ ಆಕಾಶಕ್ಕೂ ನೀಲಿ ಏರಿಸಿದೆ. ಕಣ್ಣಿಗೆ ಹೊಡೆಯದ ಹಾಗೆ, ಸ್ವಲ್ಪವೇ.

ಜನ ಆ ನಾಲ್ಕನ್ನೇ ಮೆಚ್ಚಿದರು. "ಜನಕ್ಕೆ ಕೆರೆ ಬೇಕು ಕಣೋ" ಎಂದು ಅಕ್ಕ ಮನೆಗೆ ಜಿಲೇಬಿ ತಂದಳು. ನಾನೂ ತಿಂದೆ.

ಒಂದು ದಿನ ಅವಳ ಪಿಎಚ್.ಡಿ. ಮೇಷ್ಟ್ರು ಪ್ರಿಂಟನ್ನು ಕಂಪ್ಯೂಟರಿನಲ್ಲಿದ್ದ ಮೂಲ ಚಿತ್ರದ ಪಕ್ಕ ಹಿಡಿದು ನೋಡಿದರಂತೆ. ಅಕ್ಕ ನೇರ ಸ್ಟುಡಿಯೋಗೆ ಬಂದಳು.

"ನೀನೇನಾದ್ರೂ ಮುಟ್ಟಿದ್ಯೇನೋ?"

ಓನರ್ ಪಕ್ಕದಲ್ಲೇ ಇದ್ದರು. "ಇಲ್ಲಕ್ಕ, ಮಷಿನ್ನೇ ಹಾಗೆ ಹಾಕುತ್ತೆ" ಎಂದೆ.

"ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ಹೊರಟಳು. ಮೇಷ್ಟ್ರಿಗೂ ಅದನ್ನೇ ಹೇಳಿದಳು. ಮಷಿನ್ನು ನಾಲ್ಕಕ್ಕೆ ಮಾತ್ರ ಯಾಕೆ ಬಣ್ಣ ಹಾಕಿತು ಎಂದು ಅವರು ಕೇಳಿದರು. ಅವಳೇ ತಿದ್ದಿದ್ದಾಳೆ ಎಂದಾಯಿತು. ಓದು ಅಲ್ಲಿಗೇ ನಿಂತಿತು. ಬಾಣಸವಾಡಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡಲು ಸೇರಿದಳು, ಆಮೇಲೆ ಮದುವೆಯೂ ಆಯಿತು. ನನ್ನನ್ನು ಮತ್ತೆಂದೂ ಕೇಳಲಿಲ್ಲ. ನಂಬಿಬಿಟ್ಟಿದ್ದಳು.

ಹೋದ ತಿಂಗಳು ಭಾವನಿಗೆ ಧಾರವಾಡಕ್ಕೆ ವರ್ಗವಾಯಿತು. ಸಾಮಾನು ಕಟ್ಟಲು ಹೋದಾಗ ಮೂಲೆಯಲ್ಲಿ ಆ ಚೀಲ ಕಂಡಿತು. "ಅದನ್ನೂ ರದ್ದಿಗೆ ಹಾಕೋ" ಎಂದಳು. ನನ್ನಿಂದಾಗಲಿಲ್ಲ. ಮೇಲಿದ್ದ ಕೆರೆಯ ಫೋಟೋ ತೆಗೆದು ಅವಳ ಮುಂದೆ ಹಿಡಿದೆ.

"ಅಕ್ಕ, ಮಷಿನ್ ಅಲ್ಲ. ಈ ನೀಲಿ ನಾನೇ ಹಾಕಿದ್ದು. ಅವತ್ತು ಓನರ್‌ಗೆ ಹೆದರ್ಕೊಂಡೆ, ಆಮೇಲೆ ನಿಂಗೆ. ತಪ್ಪಾಯ್ತಕ್ಕ, ಕ್ಷಮಿಸ್ಬಿಡು."